ಆರನೇ ನಂಬರಿನ ಎಡ ಮುಂಗಾಲು

ನಾನು, ವಯಸ್ಸು 61 ವರ್ಷ, ಕಸುಬು ರೇಸ್ ಕುದುರೆಗಳ ಬಲಾಬಲ ನೋಡಿ ಅಂದಾಜು ಬರೆಯುವುದು, ರೇಸ್ ಕೋರ್ಸಿನ ಹಿಂದಿನ ಗೇಟಿನಿಂದ ಇನ್ನೂರು ಮೀಟರ್ ದೂರದ ಮನೆಯ ಮೇಲಂತಸ್ತಿನಲ್ಲಿ ಮಗಳು ಮತ್ತು ಅಳಿಯನ ಜೊತೆ ವಾಸ. ಲಾಯದಲ್ಲಿ ಎಲ್ಲರೂ ನನ್ನನ್ನು ಗಡಿಯಾರ ಮೇಷ್ಟ್ರು ಎಂದು ಕರೆಯುತ್ತಾರೆ. ಈ ದಿನ ಠಾಣೆಗೆ ಹಾಜರಾಗಿ ಬರೆಸಿಕೊಡುವುದೇನೆಂದರೆ:

ನಿನ್ನೆ ಮಂಗಳವಾರ ನನ್ನ ಮಗಳು ಇದೇ ಠಾಣೆಯಲ್ಲಿ, ಕುದುರೆ ಪಳಗಿಸುವ ಟ್ರೈನರ್ ಮೇಲೆ ದೂರು ಕೊಟ್ಟಿದ್ದಾಳೆ. ಕಾಲು ನೋವಿದ್ದ ಕುದುರೆಯನ್ನು ಆತ ಗೊತ್ತಿದ್ದೂ ಓಡಿಸಿದ, ಅದರಿಂದ ಜಾಕಿಯಾಗಿದ್ದ ಅವಳ ಗಂಡ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಎಂಬುದು ದೂರು. ತನ್ನ ಪರ ಸಾಕ್ಷಿ ಎಂದು ನನ್ನನ್ನು ಬರೆಸಿದ್ದಾಳೆ. ಹಾಗಾಗಿ ಬಂದಿದ್ದೇನೆ.

ಮೂವತ್ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಅದರಲ್ಲೂ ಎರಡು ವರ್ಷದ ಮರಿಗಳ ರೇಸು ನನ್ನ ಪಾಲಿಗೇ ಬರುತ್ತದೆ. ದೊಡ್ಡ ಕುದುರೆಗಳಿಗೆ ಹಿಂದಿನ ಓಟಗಳ ಲೆಕ್ಕ ಇರುತ್ತದೆ, ಅದನ್ನು ನೋಡಿ ಯಾರು ಬೇಕಾದರೂ ಪಂಡಿತರಾಗಬಹುದು. ಈ ಮರಿಗಳು ಓಡಿಯೇ ಇರುವುದಿಲ್ಲ. ನಡಿಗೆ, ಎದೆ, ಕಿವಿ, ಉಸಿರು ನೋಡಿಯೇ ಹೇಳಬೇಕು. ಅವುಗಳ ಮೂಳೆ ಇನ್ನೂ ಹಸಿ. ಮೈ ಬೆಳೆದ ವೇಗಕ್ಕೆ ಮೂಳೆ ಗಟ್ಟಿಯಾಗಿರುವುದಿಲ್ಲ.

8ನೇ ತಾರೀಖು ಗುರುವಾರ ಬೆಳಿಗ್ಗೆ 5.50ಕ್ಕೆ ಮೈದಾನಕ್ಕೆ ಹೋದೆ. ಶನಿವಾರದ ಸಾವಿರ ಮೀಟರ್ ರೇಸಿಗೆ ಹೆಸರು ಕೊಟ್ಟಿದ್ದ ಎಂಟೂ ಮರಿಗಳು ಅಭ್ಯಾಸಕ್ಕೆ ಬಂದಿದ್ದವು. ಒಂದನೇ ನಂಬರಿನ ಕಪ್ಪು ಗಂಡು ಕುದುರೆ ನೋಡಲು ಮದುಮಗ, ಓಡಲು ಹೊರಟರೆ ತಲೆ ಆಕಾಶಕ್ಕೆ. ಮೂರನೆಯದಕ್ಕೆ ಹಿಂಭಾಗ ಭಾರ, ಇನ್ನು ಆರು ತಿಂಗಳು ಬಿಟ್ಟರೆ ಒಳ್ಳೆಯ ಕುದುರೆಯಾಗುತ್ತದೆ ಎಂದು ಬರೆದುಕೊಂಡೆ. ನಾಲ್ಕನೆಯದು ಪಕ್ಕದಲ್ಲಿ ಜೊತೆಯಿದ್ದರೆ ಓಡುತ್ತದೆ, ಒಂಟಿಯಾದರೆ ನಿಂತು ಹಿಂದೆ ನೋಡುತ್ತದೆ. ಅದಕ್ಕಿನ್ನೂ ಅಮ್ಮ ಬೇಕು. ಏಳು ಮತ್ತು ಎಂಟು ಲೆಕ್ಕಕ್ಕಿಲ್ಲ. ಎರಡು ಮತ್ತು ಐದು ಪರವಾಗಿಲ್ಲ, ಆರುನೂರು ಮೀಟರಿಗೆ 38 ಸೆಕೆಂಡಿನ ಆಸುಪಾಸು.

ಆರನೆಯದು ಕೆಂಗಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಉಗುರಿನಷ್ಟು ಬಿಳಿ. ಆರುನೂರು ಮೀಟರನ್ನು 36 ಸೆಕೆಂಡಿನಲ್ಲಿ ಮುಗಿಸಿತು. ಚಾಟಿ ಮುಟ್ಟಿಸಲಿಲ್ಲ. ಮೇಲೆ ಕೂತಿದ್ದವನು ನನ್ನ ಅಳಿಯ, ವಯಸ್ಸು 31. ಇಳಿದು ಬಂದವನು, ಮಾವ, ಇದು ಓಡಲ್ಲ, ಹರಿಯುತ್ತೆ ಎಂದು ಹೇಳಿದನು. ಐದು ತಿಂಗಳ ನಂತರ ಅವನು ನಕ್ಕಿದ್ದು ಅವತ್ತೇ. ನಾನು ಅಂದಾಜಿನಲ್ಲಿ ಆರನೇ ನಂಬರಿಗೆ ಮೊದಲ ಸ್ಥಾನ ಕೊಟ್ಟು ಬರೆದೆ. ಅಳಿಯನ ಮುಖ ನೋಡಿ ಬರೆದದ್ದಲ್ಲ, ಗಡಿಯಾರ ನೋಡಿ ಬರೆದದ್ದು.

ಐದು ತಿಂಗಳ ವಿಷಯ ಹೇಳಬೇಕು. ಹೊಸ ಮರಿಗಳ ರೇಸಿಗೆ ನಮ್ಮ ಮೈದಾನದಲ್ಲಿ ಹಳೆಯ ಪದ್ಧತಿಯೊಂದಿದೆ. ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳಕ್ಕೆ ಪ್ಯಾಡಾಕ್ ಎನ್ನುತ್ತೇವೆ. ಅಂದಾಜು ಬರೆದವನು ಅದರ ಬಾಗಿಲ ಪಕ್ಕ ನಿಲ್ಲಬೇಕು. ಯಾವುದಾದರೂ ಕುದುರೆಯ ಮೇಲೆ ಅನುಮಾನ ಬಂದರೆ ಮಾತಾಡದೆ ಬಲಗೈ ಎತ್ತಬೇಕು. ಕುದುರೆ ಡಾಕ್ಟರು ಅದನ್ನು ಪಕ್ಕಕ್ಕೆ ಕರೆದು ಕಾಲು ಮುಟ್ಟಿ ನೋಡುತ್ತಾರೆ. ಕೈ ಎತ್ತಿದವನನ್ನು ಯಾರೂ ಕಾರಣ ಕೇಳುವಂತಿಲ್ಲ.

ಐದು ತಿಂಗಳ ಹಿಂದೆ ಇದೇ ಟ್ರೈನರ್ ಅವರ ಕುದುರೆಯೊಂದಕ್ಕೆ ನಾನು ಕೈ ಎತ್ತಿದೆ. ಡಾಕ್ಟರು ಹನ್ನೊಂದು ನಿಮಿಷ ನೋಡಿದರು, ಏನೂ ಇರಲಿಲ್ಲ. ಕಾದು ಕಾದು ಬೆವರಿ ಬೆದರಿದ ಕುದುರೆ ರೇಸಿನಲ್ಲಿ ಎಲ್ಲಕ್ಕಿಂತ ಹಿಂದೆ ಬಂತು. ಮೇಷ್ಟ್ರ ಕಣ್ಣಿಗೆ ಈಗೀಗ ನಿಂತ ಕುದುರೆನೂ ಕುಂಟುತ್ತೆ, ಮನೇಲಿ ಕೂರಿಸ್ರಪ್ಪ ಎಂದು ಟ್ರೈನರ್ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿದರು. ಎಲ್ಲರೂ ನಕ್ಕರು. ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ. ಮಾರನೇ ದಿನದಿಂದ ನನ್ನ ಅಳಿಯನಿಗೆ ಆ ಲಾಯದ ಕುದುರೆ ಸಿಗಲಿಲ್ಲ. ಮಗಳು ಮನೆಯಲ್ಲಿ ಜಾಕಿಗಳ ಬಣ್ಣದ ಅಂಗಿ ಹೊಲಿಯುತ್ತಾಳೆ. ಬೇರೆಯವರ ಅಂಗಿ ಹೊಲಿಯುತ್ತಾ ಗಂಡನ ಕಡೆ ನೋಡುತ್ತಿದ್ದಳು. ಈ ರೇಸಿಗೆ ಟ್ರೈನರ್ ತಾವಾಗಿಯೇ ಅಳಿಯನನ್ನು ಕರೆದರು.

10ನೇ ತಾರೀಖು ಶನಿವಾರ ಮಧ್ಯಾಹ್ನ 2 ಗಂಟೆಗೆ ಪ್ಯಾಡಾಕ್ ಬಾಗಿಲಲ್ಲಿ ನಿಂತೆ. 2.05ಕ್ಕೆ ಕುದುರೆಗಳು ಬಂದವು. ಲಾಯದಿಂದ ಬರುವ ದಾರಿಯಲ್ಲಿ ಹದಿನಾಲ್ಕು ಮೀಟರ್ ಸಿಮೆಂಟು, ಆಮೇಲೆ ಮರಳು. ಸಿಮೆಂಟಿನ ಮೇಲೆ ಆರನೇ ನಂಬರು ಎಡ ಮುಂಗಾಲನ್ನು ಗಿಡ್ಡ ಮಾಡಿ ಇಟ್ಟಿತು. ಎರಡು ಬೆರಳಿನಷ್ಟು ಗಿಡ್ಡ. ಮರಳಿಗೆ ಬಂದ ಮೇಲೆ ನಡಿಗೆ ಸರಿಯಾಯಿತು.

ರೇಸಿನ ದಿನ ಹೊಸ ಹಗುರ ಲಾಳ ಹೊಡೆದಿರುತ್ತಾರೆ, ಅದಿನ್ನೂ ಕಾಲಿಗೆ ಹೊಂದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ಸುತ್ತಿನಲ್ಲಿ ಅದು ನನ್ನಿಂದ ಎರಡು ಮೀಟರ್ ದೂರದಲ್ಲಿ ಹಾದುಹೋಯಿತು. ಎಡ ಮುಂಗಾಲಿನಲ್ಲಿ ಮಂಡಿಯ ಕೆಳಗೆ ಗೇಣುದ್ದ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಸ್ನಾನ ಮಾಡಿಸಿದ್ದಾರೆ ಎಂದುಕೊಂಡೆ. ಹೊಸ ಲಾಳದ ತೊಂದರೆ ಎರಡೂ ಕಾಲಿಗೆ ಇರುತ್ತದೆ. ಸ್ನಾನ ಮಾಡಿಸಿದರೆ ಒಂದೇ ಕಾಲು ಒದ್ದೆಯಾಗಿ ಉಳಿಯುವುದಿಲ್ಲ. ನೋಯುವ ಮೂಳೆಗೆ ತಣ್ಣೀರು ಹಿಡಿದರೆ ಹಾಗಿರುತ್ತದೆ. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಅಲ್ಲಿ ನಿಂತಾಗಲೇ ತಿಳಿದಿತ್ತು.

ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಕ್ಯಾಂಟೀನಿನ ನಗು ನೆನಪಾಯಿತು. ಕೈ ಎತ್ತಿ, ಏನೂ ಸಿಗದೆ ಹೋದರೆ, ಅಳಿಯನಿಗೆ ಇನ್ನು ಕುದುರೆಯೇ ಸಿಗುವುದಿಲ್ಲ ಎಂದೂ ಅನ್ನಿಸಿತು. ಯಾವುದು ಮೊದಲು ಅನ್ನಿಸಿತು ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಕೇಳಿದರು. ನಗುವೇ ಮೊದಲು.

2.17ಕ್ಕೆ ಜಾಕಿಗಳು ಹತ್ತಿದರು. ಹತ್ತುವ ಮುಂಚೆ ಅಳಿಯ ಕುದುರೆಯ ಕುತ್ತಿಗೆ ತಟ್ಟಿ, ನನ್ನ ಕಡೆ ತಿರುಗಿ, ಹುಬ್ಬು ಹಾರಿಸಿದನು. ನಾನು ಸರಿಯಿದೆ ಎಂದು ತಲೆಯಾಡಿಸಿದೆ. ಅವನು ಹತ್ತಿದನು.

2.31ಕ್ಕೆ ರೇಸು ಬಿಟ್ಟರು. ಆರನೇ ನಂಬರು ನಾನೂರು ಮೀಟರಿಗೇ ಮುಂದೆ ಬಂತು. ಕೊನೆಯ ಮುನ್ನೂರು ಮೀಟರಿನ ಕಂಬದ ಹತ್ತಿರ ಎರಡು ಕುದುರೆಯಷ್ಟು ಅಂತರ ಇತ್ತು. ಕಂಬ ದಾಟಿ ಹತ್ತು ಹನ್ನೆರಡು ಮೀಟರಿಗೆ ಎಡ ಮುಂಗಾಲು ಮುರಿಯಿತು. ಅಳಿಯ ಮುಂದಕ್ಕೆ ಬಿದ್ದನು. ಹಿಂದಿದ್ದ ಎರಡನೇ ನಂಬರು ಹಾರಿತು, ಐದನೆಯದಕ್ಕೆ ಹಾರಲಾಗಲಿಲ್ಲ. ಕುದುರೆ ಮೂರು ಕಾಲಿನಲ್ಲಿ ಎದ್ದು ನಿಂತು, ಮಿಕ್ಕವು ಹೋದ ಕಡೆಗೇ ಹೋಗಲು ನೋಡುತ್ತಿತ್ತು. 2.44ಕ್ಕೆ ಸುತ್ತ ಪರದೆ ಹಿಡಿದು ಕುದುರೆ ಡಾಕ್ಟರು ಅದರ ಪ್ರಾಣ ತೆಗೆಯುವ ಇಂಜೆಕ್ಷನ್ ಕೊಟ್ಟರು. ನಾನು ಅಳಿಯನ ಜೊತೆ ಆಂಬುಲೆನ್ಸಿನಲ್ಲಿ ಹೋದೆ.

ಆಸ್ಪತ್ರೆಯಲ್ಲಿ ಅಂಗಿಯನ್ನು ಕತ್ತರಿಸಿ ತೆಗೆದರು. ನರ್ಸ್ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಮಗಳ ಕೈಗೆ ಕೊಟ್ಟರು. ಅದನ್ನು ಹೊಲಿದವಳು ಅವಳೇ. ಸಂಜೆ 5.20ಕ್ಕೆ ಡಾಕ್ಟರು ಬೆನ್ನುಮೂಳೆಯ ವಿಷಯ ಹೇಳಿದರು.

12ನೇ ತಾರೀಖು ಸೋಮವಾರ ಬೆಳಿಗ್ಗೆ 10.30ಕ್ಕೆ ಅಳಿಯ ಮಾತಾಡಿದನು. ಮಗಳು ಟ್ರೈನರನ್ನು ಬಯ್ಯುತ್ತಿದ್ದಳು. ಅಳಿಯ ಅವಳನ್ನು ತಡೆದು, ಸುಮ್ನಿರು, ಕಾಲಲ್ಲಿ ಏನಾದ್ರೂ ಇದ್ದಿದ್ರೆ ಮಾವ ಬಿಡ್ತಿದ್ರಾ ಎಂದು ಹೇಳಿದನು. ಮಗಳು ನನ್ನ ಕಡೆ ತಿರುಗಿ, ಅಪ್ಪಾ, ನಿನಗೇನಾದ್ರೂ ಕಾಣಿಸಿತ್ತಾ ಎಂದು ಕೇಳಿದಳು. ನಾನು, ಇಲ್ಲಮ್ಮ, ಏನೂ ಕಾಣಿಸಲಿಲ್ಲ ಎಂದೆ. ನಿನ್ನ ಕಣ್ಣಿಗೇ ಕಾಣದ ಹಾಗೆ ಮುಚ್ಚಿದ್ದಾನೆ ಅಂದ್ರೆ ಅವನನ್ನ ಸುಮ್ನೆ ಬಿಡಬಾರದು ಎಂದು ಹೇಳಿ ಅವಳು ಮಾರನೇ ದಿನ ಇಲ್ಲಿಗೆ ಬಂದಳು.

ನನ್ನ ಮಗಳಿಗೆ ನಾನು ಹೇಳಿದ್ದು ಸುಳ್ಳು. ಟ್ರೈನರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ತಣ್ಣೀರು ಹಿಡಿದವರನ್ನು ಕೇಳಿ ತಾವು ತಿಳಿದುಕೊಳ್ಳಬೇಕು. ನನಗೆ ಗೊತ್ತಿತ್ತು. ಯಜಮಾನ್ರೇ, ಮಗಳ ಪರ ಸಾಕ್ಷಿಗೆ ಬಂದು ಇದೇನು ಬರೆಸ್ತಿದ್ದೀರಿ, ಯೋಚನೆ ಮಾಡಿ ಎಂದು ಬರಹಗಾರರು ಎರಡು ಸಲ ಹೇಳಿದರು. ಯೋಚನೆ ಮಾಡಿಯೇ ಬರೆಸಿದ್ದೇನೆ. ನಾಲ್ಕು ದಿನದಿಂದ ಬೇರೆ ಯೋಚನೆಯೇ ಇಲ್ಲ.

ಮಗಳು ನನ್ನ ಜೊತೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಒಳಗೆ ಏನು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಅವಳ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಈ ಹೇಳಿಕೆಯನ್ನು ನನಗೆ ಓದಿ ಹೇಳುವಾಗ ಬಾಗಿಲು ತೆರೆದಿಟ್ಟು, ಅವಳಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕೆಂದು ಬೇಡಿಕೊಳ್ಳುತ್ತೇನೆ.

ಮೇಲೆ ಬರೆಸಿದ್ದು ನಾನು ಕಂಡದ್ದು ಮತ್ತು ನಾನು ಮಾಡಿದ್ದು. ಯಾರ ಬಲವಂತವೂ ಇಲ್ಲ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 14, ಬುಧವಾರ, ಬೆಳಿಗ್ಗೆ 11.40
ಹೇಳಿಕೆದಾರರ ಸಹಿ

ಷರಾ: ಹೇಳಿಕೆದಾರರ ಕೋರಿಕೆಯಂತೆ ಬಾಗಿಲು ತೆರೆದಿಟ್ಟು ಓದಲಾಯಿತು. ದೂರುದಾರರು ಎದ್ದು ಬಂದು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದರು. ನಿನ್ನೆ ಕೊಟ್ಟ ದೂರಿಗೆ ಹೇಳಿಕೆದಾರರ ಹೆಸರನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿದ್ದು, ಸೇರಿಸಿಕೊಳ್ಳಲಾಗಿದೆ.