ಕುರ್ಚಿಯಲ್ಲಿ ಕೂತು ಕಲಿಸಿದ ಹೆಜ್ಜೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ತಂದೆ, ಮಗಳು ಕೂತಿದ್ದರು. ಹುಡುಗಿ ಹೈಸ್ಕೂಲಿನಲ್ಲಿ ನೃತ್ಯ ಕಲಿಯುವವಳೆಂದು ಮಾತಿನಲ್ಲೇ ತಿಳಿಯಿತು. ಅವಳ ಎಡಗಾಲಿಗೆ ಪ್ಲಾಸ್ಟರ್ ಹಾಕಿತ್ತು.

“ಸಂಜೆ ಪ್ರೋಗ್ರಾಮಲ್ಲಿ ನಿನ್ನ ಪಾತ್ರ ಯಾರದೋ ಪಾಲಾಯ್ತಲ್ಲೇ.”

“ಯಾರದೋ ಅಲ್ಲಪ್ಪ, ನನ್ನ ಗೆಳತಿಗೇ ಸಿಕ್ಕಿದೆ. ನಾನೇ ಕಲಿಸ್ದೆ.”

“ಈ ಕಾಲಿಟ್ಕೊಂಡು?”

“ಕುರ್ಚಿ ಮೇಲೆ ಕೂತು, ಹೆಜ್ಜೆನೆಲ್ಲಾ ಕೈಯಲ್ಲೇ ತೋರಿಸ್ದೆ.”

“ಹೊಟ್ಟೆ ಉರೀಲಿಲ್ವಾ?”

“ಉರೀದೇ ಇರುತ್ತಾ? ಮೊದಲ್ನೇ ದಿನ ಬೇಕಂತಲೇ ಒಂದು ಹೆಜ್ಜೆ ತಪ್ಪು ಹೇಳ್ಕೊಟ್ಟೆ. ಪಾಪ, ನನ್ನ ನಂಬಿ ಆ ತಪ್ಪನ್ನೇ ಎಷ್ಟು ಚೆನ್ನಾಗಿ ಮಾಡಿದ್ಲು ಗೊತ್ತಾ! ನಂಗೇ ನಾಚಿಕೆ ಆಯ್ತು. ಮಾರನೇ ದಿನ ನಿಜ ಹೇಳ್ಬಿಟ್ಟೆ.”

“ಅವಳೇನಂದ್ಲು?”

“ತಪ್ಪೇ ಚೆನ್ನಾಗಿದೆ, ಹಾಗೇ ಇರ್ಲಿ ಅಂದ್ಲು. ಮೇಡಮ್ಮೂ ಒಪ್ಪಿದ್ರು.”

ತಂದೆ ಜೋರಾಗಿ ನಕ್ಕರು. ಅಷ್ಟರಲ್ಲಿ ನರ್ಸ್ ಕರೆದಳು. ತಂದೆ ಎದ್ದರು.

“ಬೇಗ ತೋರಿಸ್ಕೊಂಡು ಹೋಗೋಣ. ಮುಂದಿನ ಸಾಲಲ್ಲೇ ಕೂರ್ಬೇಕು.”

“ನೀನೂ ಬರ್ತೀಯಾ? ನಾನು ಕುಣಿದಾಗ ಒಂದ್ಸಲಾನೂ ಬಂದಿಲ್ಲ.”

“ತಪ್ಪಾಯ್ತು ತಾಯಿ. ಇವತ್ತು ಗುರುಗಳ ಅಪ್ಪ ನಾನು. ಬರದೇ ಇರಕ್ಕಾಗುತ್ತಾ?”

ಮಗಳು ಅವರ ಹೆಗಲು ಹಿಡಿದು, ನಗುತ್ತ, ಕುಂಟುತ್ತ ಒಳಗೆ ಹೋದಳು.