ಅಸ್ಫಿಕ್ಸಿಯಾ ಅಂದ್ರ

ಚೆಂಬೂರಿನ ಬಸ್ ಸ್ಟಾಪಿನ ಸಾಲಿನಲ್ಲಿ ವಿನೋದಿನಿಯ ಮುಂದೆ ತಾಯಿ, ಮಗಳು ನಿಂತಿದ್ದರು. ತಾಯಿಯ ಕೈಯಲ್ಲಿ ಗಂಡನ ಪೋಸ್ಟ್‌ಮಾರ್ಟಂ ರಿಪೋರ್ಟು, ಮಗಳ ಕೈಯಲ್ಲಿ ಮೊಬೈಲು.

“ಸೋನಾಲಿ, ಈ ಶಬ್ದ ಏನದ?”

“ಅಸ್ಫಿಕ್ಸಿಯಾ. ಗ್ರೀಕರ ಶಬ್ದ ಅಂತ. ಆಗ ನಾಡಿ ಇಲ್ಲ ಅಂತ ಅರ್ಥ ಇತ್ತು. ಈಗ ಉಸಿರು ಕಟ್ಟಿ ಸತ್ರ ಬರೀತಾರ.”

“ಕೆಲಸಕ್ಕ ಕರ್ಕೊಂಡು ಹೋದ ಮುಕಾದಮ, ಹಾರ್ಟ್ ನಿಂತು ಸತ್ತಾನ ಅಂದಿದ್ದ.”

“ಸುಳ್ಳು, ಯವ್ವಾ. ತೊಳೀಲಿಕ್ಕ ಇಳಿದಾಗ ಅಪ್ಪಾಗ ಆ ಸಂಡಾಸದ ಟಾಕಿಯೊಳಗ ಉಸಿರು ಕಟ್ಯದ.”

“ಆ ಮುಕಾದಮ ಇವತ್ತ ಅದೇ ಟಾಕಿಗಿ ನಿಮ್ಮ ಕಾಕಾನ್ನ ಕರ್ಕೊಂಡು ಹೋಗ್ಯಾನಲ್ಲ! ಫೋನ್ ಹಚ್ಚು.”

“ಹಚ್ಚೀನಿ. ರಿಂಗ್ ಆಗ್ಲಿಕತ್ತದ, ಎತ್ತವಲ್ಲ.”

“ಇಳಿಯೋ ಮುಂದ ಅಂಗಿ ಬಿಚ್ಚಿ, ಫೋನ್ ಅದರ ಕಿಸೆದಾಗ ಇಟ್ಟು ಇಳೀತಾನ.”

ಇಬ್ಬರೂ ಸಾಲು ಬಿಟ್ಟು ರಿಕ್ಷಾದ ಕಡೆ ಓಡಿದರು. ಸ್ಪೀಕರಿಗೆ ಹಾಕಿದ್ದ ಫೋನು ರಿಂಗಾಗುತ್ತಲೇ ಇತ್ತು. ಬಸ್ಸು ಬಂದರೂ ವಿನೋದಿನಿ ಹತ್ತಲಿಲ್ಲ. ಯಾರಾದರೂ ಎತ್ತಿಯಾರೆಂದು, ಅದು ಕೇಳಿಸುವಷ್ಟು ಹೊತ್ತು ನಿಂತೇ ಇದ್ದಳು.