ಪ್ರಯೋಗಾಲಯದ ಮೂಗು

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ನಮ್ಮ ಪ್ರೊಫೆಸರ್ ಮೇಡಂ ಅವರೇ, ಅವರ ಎಡಬಲಕ್ಕೆ ಕುಳಿತಿರುವ ಗಣ್ಯರೇ, ಊಟ ಯಾವಾಗ ಎಂದು ಗಡಿಯಾರ ನೋಡುತ್ತಿರುವ ಸಭಿಕರೇ,

ಮೂವತ್ತೆರಡು ವರ್ಷ ಈ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಇಂದು ನಿವೃತ್ತನಾಗುತ್ತಿರುವವನು ನಾನು. ಮಾತು ಬೆಳೆಸಿ ಅಭ್ಯಾಸವಿಲ್ಲ. ಆದರೂ ಒಂದು ವಿಷಯ ಹೇಳದೆ ಈ ಫಲಕವನ್ನು ಮನೆಗೆ ಒಯ್ಯಲಾರೆ. ಇದರ ಮೇಲೆ ‘ಪ್ರಯೋಗಾಲಯದ ಮೂಗು’ ಎಂದು ಕೆತ್ತಿಸಿದ್ದೀರಿ.

ಕಾರಣ ನಿಮಗೆ ಗೊತ್ತು. ಬ್ಯಾಕ್ಟೀರಿಯಾಕ್ಕೆ ಮೂಗಿಲ್ಲ. ಆದರೂ ನೀರಿನಲ್ಲಿ ಸಕ್ಕರೆ ಎಲ್ಲಿದೆ ಎಂದು ಅದಕ್ಕೆ ತಿಳಿಯುತ್ತದೆ. ಹೇಗೆ? ಅದರ ಮೈಯ ತುದಿಯಲ್ಲಿ ಸಾವಿರಾರು ಪ್ರೋಟೀನ್ ಕಡ್ಡಿಗಳಿವೆ. ಎರಡು ಹೆಣೆದುಕೊಂಡರೆ ಜೋಡಿ, ಮೂರು ಜೋಡಿ ಸೇರಿದರೆ ಒಂದು ಕಟ್ಟು, ಆರು ಕಟ್ಟು ಸುತ್ತ ನಿಂತರೆ ಜೇನುಗೂಡಿನ ಒಂದು ಮನೆ. ಒಂದು ಕಡ್ಡಿಗೆ ಸಕ್ಕರೆ ತಾಗಿದರೆ ನೆರೆಹೊರೆಗೆಲ್ಲ ಸುದ್ದಿ! ಈ ರಚನೆಯ ಚಿತ್ರಕ್ಕಾಗಿ ಮೇಡಂ ವರ್ಷಗಟ್ಟಲೆ ಕಾದರು. ಎಲ್ಲ ಚಿತ್ರಗಳೂ ಮಸುಕು. ಕೊನೆಗೆ ನಾನು ಫ್ಲಾಸ್ಕಿನಲ್ಲಿ ಬೆಳೆಸಿಕೊಟ್ಟ ಬ್ಯಾಕ್ಟೀರಿಯಾಗಳಲ್ಲಿ ಜೇನುಗೂಡು ನಿಚ್ಚಳವಾಗಿ ಕಂಡಿತು. “ಇವರು ಫ್ಲಾಸ್ಕ್ ಮೂಸಿದ್ರೆ ಸಾಕು, ಕೆಟ್ಟಿದೆಯೋ ಇಲ್ವೋ ಗೊತ್ತಾಗುತ್ತೆ” ಎಂದು ಮೇಡಂ ಹೋದಲ್ಲೆಲ್ಲ ಹೊಗಳಿದರು.

ಸಭಿಕರೇ, ನನಗೆ ವಾಸನೆ ಗೊತ್ತಾಗುವುದಿಲ್ಲ. ಹನ್ನೊಂದು ವರ್ಷವಾಯಿತು.

ಒಂದು ಜ್ವರ ಬಂದಿತ್ತು, ಹೋಗುವಾಗ ಮೂಗಿನ ಶಕ್ತಿಯನ್ನೂ ಒಯ್ದಿತು. ಪತ್ತೆ ಮಾಡಿದವಳು ನನ್ನ ಹೆಂಡತಿ. ಅದೋ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾಳೆ. ನಾನು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದೆ.

“ಏನ್ರೀ, ಹಾಲು ಸೀದು ಕರಕಲಾಗಿದೆ, ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು, ಸುಮ್ನಿದ್ದೆ” ಎಂದೆ. ಎಂಥ ಗಂಡ!

ಅಂದಿನಿಂದ ಹಾಲು, ಅಂಗಿ, ಗ್ಯಾಸು ಎಲ್ಲದಕ್ಕೂ ಅವಳದೇ ಮೂಗು. “ಮೇಡಂಗೆ ಹೇಳ್ಬಿಡಿ” ಎನ್ನುತ್ತಲೇ ಇದ್ದಳು. “ಹೇಳಿದ್ರೆ ಸ್ಟೋರ್‌ರೂಮಿಗೆ ಹಾಕ್ತಾರೆ ಕಣೇ” ಎನ್ನುತ್ತಲೇ ಇದ್ದೆ. ಹೆದರಿದ್ದೆ, ನಿಜ. ಈ ಕೆಲಸದ ಮೇಲೆ ನನಗೆ ಅಷ್ಟು ಪ್ರೀತಿ.

ಹಾಗಾಗಿ ನಿಮ್ಮೆದುರು ಮೂಸುವ ನಾಟಕವಾಡಿದೆ. ಹುಬ್ಬು ಗಂಟಿಕ್ಕುವುದನ್ನೂ ಬಿಡಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು, ಪ್ರತಿ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚುರುಕಾಗಿ ಈಜುವವನ್ನು ಉಳಿಸಿಕೊಂಡೆ, ಮಂಕಾದವನ್ನು ಚೆಲ್ಲಿದೆ. ಮೂಗು ನೆಟ್ಟಗಿದ್ದಾಗ ಇಷ್ಟು ಕಷ್ಟಪಟ್ಟಿದ್ದೆನೇ? ಇಲ್ಲ. ಒಮ್ಮೆ ಮೂಸಿ, “ಆಯ್ತು, ತಗೊಳ್ಳಿ” ಎನ್ನುತ್ತಿದ್ದೆ. ಆಗಿನ ಮಸುಕು ಚಿತ್ರಗಳಲ್ಲಿ ಅರ್ಧ ನನ್ನಿಂದಲೇ; ನಿಚ್ಚಳ ಚಿತ್ರ ಬಂದದ್ದು ಮೂಗು ಹೋದ ಮೇಲೆ.

ಮೇಡಂ ನಗುತ್ತಿದ್ದಾರೆ. ಕನ್ನಡಕ ತೆಗೆದು ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಾರೆ. ಸದ್ಯ, ಇನ್ನು ನನ್ನನ್ನು ಸ್ಟೋರ್‌ರೂಮಿಗೆ ಹಾಕುವಂತಿಲ್ಲ! ಮೂರನೇ ಸಾಲಿನಲ್ಲಿ ನನ್ನವಳೂ ತಲೆ ಎತ್ತಿದ್ದಾಳೆ. ನನಗೆ ಅಷ್ಟು ಸಾಕು.

ಫಲಕಕ್ಕೆ, ನಿಮ್ಮ ಪ್ರೀತಿಗೆ, ಈ ದೊಡ್ಡ ಹೂಗುಚ್ಛಕ್ಕೆ ನಾನು ಋಣಿ. ಹೂವಿನ ಪರಿಮಳ ಹೇಗಿದೆ ಎಂದು ಮನೆಗೆ ಹೋದ ಮೇಲೆ ಅವಳನ್ನು ಕೇಳಿ ತಿಳಿದುಕೊಳ್ಳುತ್ತೇನೆ.

ನಮಸ್ಕಾರ.